ಅಪರಾಧಿಯನ್ನು ಅರಿಯಲು ಹೊರಟ ಕಾದಂಬರಿಕಾರ

ಬಹಳ ಬರೆದವನು ಚೆನ್ನಾಗಿ ಬರೆದಿರಲಾರನೆಂಬ ಸಂಶಯವೊಂದು ಸಾಹಿತ್ಯವಲಯದಲ್ಲಿ ಬಹುಕಾಲದಿಂದ ಬೇರೂರಿದೆ. ಅದರ ಮೇಲೆ ಆತನು ಬರೆದುದು ಪತ್ತೇದಾರಿ ಕಾದಂಬರಿಯೂ ಆಗಿಬಿಟ್ಟರೆ, ವಿಚಾರಣೆಯೇ ಇಲ್ಲದೆ ತೀರ್ಪು ಹೊರಬಿದ್ದಂತೆಯೇ ಸರಿ. ನಮ್ಮಲ್ಲಿ ಎನ್. ನರಸಿಂಹಯ್ಯನವರು ನೂರಾರು ಪತ್ತೇದಾರಿ ಕಾದಂಬರಿಗಳನ್ನು ಬರೆದು, ಪುಸ್ತಕದ ಗೊಡವೆಗೇ ಹೋಗದಿದ್ದ ಎಷ್ಟೋ ಮಂದಿಗೆ ಓದಿನ ರುಚಿ ಹತ್ತಿಸಿದರೂ, ವಿಮರ್ಶಕರ ಪಂಕ್ತಿಯಲ್ಲಿ ಅವರಿಗೆ ದೊರೆತ ಸ್ಥಾನ ಎಷ್ಟು ಕಿರಿದೆಂಬುದು ಕನ್ನಡ ವಾಚಕರಿಗೆ ತಿಳಿಯದ ಸಂಗತಿಯಲ್ಲ. ಈ ಸಂಶಯಕ್ಕೆ ಇಪ್ಪತ್ತನೆಯ ಶತಮಾನದ ಯೂರೋಪು ಕೊಟ್ಟ ಅತ್ಯಂತ ಸಮರ್ಥವಾದ ಉತ್ತರವೆಂದರೆ ಜಾರ್ಜ್ ಸಿಮೆನಾನ್. ಬೆಲ್ಜಿಯಂ ದೇಶದಲ್ಲಿ ಹುಟ್ಟಿ, ಫ್ರೆಂಚ್ ಭಾಷೆಯಲ್ಲಿ ಬರೆದ ಈತನು, ಹೊಟ್ಟೆಪಾಡಿಗೆಂದು ಬಗೆಬಗೆಯ ಸುಳ್ಳು ಹೆಸರುಗಳಲ್ಲಿ ಹೊರತಂದ ಸುಮಾರು 200 ಅಗ್ಗದ ಕಾದಂಬರಿಗಳನ್ನು ಪಕ್ಕಕ್ಕಿಟ್ಟರೂ, ಮೆಗ್ರೆ ಎಂಬ ಪೊಲೀಸ್ ಅಧಿಕಾರಿಯನ್ನು ಕುರಿತ 75 ಕಾದಂಬರಿಗಳು, ಅವನದೇ 28 ಸಣ್ಣ ಕಥೆಗಳು, ಮೆಗ್ರೆ ಕಾಲಿಡದ ನೂರಕ್ಕೂ ಮಿಕ್ಕ ಗಂಭೀರ ಕಾದಂಬರಿಗಳು, ಕೊನೆಗಾಲದಲ್ಲಿ ನುಡಿದು ಬರೆಯಿಸಿದ ಇಪ್ಪತ್ತಕ್ಕೂ ಹೆಚ್ಚು ಆತ್ಮಕಥನದ ಸಂಪುಟಗಳು, ಇಷ್ಟು ಅವನ ಲೆಕ್ಕಕ್ಕೆ ಉಳಿಯುತ್ತವೆ.

ಸಂಖ್ಯೆಯನ್ನು ಕೇಳಿ ಬೆರಗಾಗುವುದು ಸುಲಭ. ಸಿಮೆನಾನನ ವಿಷಯವಾಗಿ ಬರೆದವರಲ್ಲಿ ಹಲವರು ಆ ಬೆರಗಿನಲ್ಲಿಯೇ ನಿಂತುಬಿಟ್ಟಿದ್ದಾರೆ. ಆದರೆ, ಕೊಂದವನು ಯಾರೆಂಬ ಒಂದೇ ಪ್ರಶ್ನೆಯನ್ನು ನೆಚ್ಚಿಕೊಂಡಿದ್ದ ಸಾಹಿತ್ಯಪ್ರಕಾರವನ್ನು, ನಿನ್ನೆಯವರೆಗೆ ನಮ್ಮ ನಿಮ್ಮಂತೆಯೇ ಉಂಡು ಉಟ್ಟು ಬದುಕಿದ್ದ ಮನುಷ್ಯನು ಇಂದು ಈ ಕೃತ್ಯಕ್ಕೆ ಏಕೆ ಇಳಿದನೆಂಬ ಪ್ರಶ್ನೆಯ ಕಡೆಗೆ ತಿರುಗಿಸಿದ ಶ್ರೇಯಸ್ಸಿನಲ್ಲಿ ದೊಡ್ಡ ಪಾಲು ಇವನದು. ಅವನ ನಿಜವಾದ ಹಿರಿಮೆಯೂ ಇದೇ. ಅವನ ಬರವಣಿಗೆಯ ವೇಗವೂ, ಅದರೊಳಗಿನ ಅನುಕಂಪವೂ ಬೇರೆಬೇರೆ ಮೂಲಗಳಿಂದ ಬಂದವಲ್ಲವೆಂದು ನನ್ನ ನಂಬಿಕೆ. ತೀರ್ಪು ಕೊಡಲು ಆತುರಪಡದೆ ಮನುಷ್ಯನನ್ನು ಸುಮ್ಮನೆ ನೋಡಬಲ್ಲ ಒಂದು ಶಕ್ತಿ ಅವನಿಗೆ ಎಳೆತನದಲ್ಲಿಯೇ ಒಲಿದಿತ್ತು; ಅದು ಎಲ್ಲಿಂದ ಬಂತೆಂಬುದನ್ನು ಅರಿಯಬೇಕಾದರೆ ಅವನು ಹುಟ್ಟಿದ ಮನೆಗೆ ಹೋಗಬೇಕು.

ಸಿಮೆನಾನ್ ಹುಟ್ಟಿದ್ದು 1903ರ ಫೆಬ್ರವರಿಯಲ್ಲಿ, ಬೆಲ್ಜಿಯಂನ ಕೈಗಾರಿಕಾ ನಗರವಾದ ಲಿಯೇಜಿನಲ್ಲಿ. ಅಂದು ಹದಿಮೂರನೆಯ ತಾರೀಖು, ಶುಕ್ರವಾರ. ಕ್ರೈಸ್ತರಲ್ಲಿ ಆ ಯೋಗ ಅಶುಭವೆಂದು ಪ್ರತೀತಿಯಿರುವುದರಿಂದ, ತಾಯಿಯ ಭಯವನ್ನು ಪರಿಹರಿಸಲು ಮಗುವಿನ ಜನನವನ್ನು ಹನ್ನೆರಡನೆಯ ತಾರೀಖಿನದೆಂದೇ ದಾಖಲು ಮಾಡಿಸಿದರೆಂದು ಮನೆಯ ಕಥೆ. ತಂದೆ ದೆಸಿರೆ ವಿಮಾ ಕಚೇರಿಯೊಂದರ ಗುಮಾಸ್ತ. ಉಳ್ಳದ್ದರಲ್ಲಿ ತೃಪ್ತನಾಗಿ, ದಿನವೂ ಅದೇ ದಾರಿಯಲ್ಲಿ ಅದೇ ಹೊತ್ತಿಗೆ ನಡೆದುಹೋಗಿ ಬರುತ್ತಿದ್ದ ಶಾಂತಸ್ವಭಾವದವನು. ತಾಯಿ ಆಂರಿಯೆಟ್ ಇದಕ್ಕೆ ತೀರ ವಿರುದ್ಧ: ತವರಿನ ಹದಿಮೂರು ಮಕ್ಕಳಲ್ಲಿ ಕೊನೆಯವಳಾಗಿ, ಒಂದು ಕಾಲದ ಅನುಕೂಲವೆಲ್ಲ ಕರಗಿದ ಮೇಲಿನ ಬಡತನವನ್ನು ಕಂಡುಂಡು ಬೆಳೆದ ಆಕೆಗೆ ನಾಳಿನ ಚಿಂತೆಯೇ ಇಂದಿನ ಊಟ. ಗಂಡನ ಸಂಬಳ ಸಾಲದೆಂದು ಆಕೆ ಮನೆಯ ಕೋಣೆಗಳನ್ನು ಬಾಡಿಗೆಗೆ ಕೊಟ್ಟಳು. ರಷ್ಯ, ಪೋಲೆಂಡ್ ಮುಂತಾದ ಪೂರ್ವ ಯೂರೋಪಿನ ದೇಶಗಳಿಂದ ಲಿಯೇಜಿನ ವಿಶ್ವವಿದ್ಯಾಲಯಕ್ಕೆ ಓದಲು ಬಂದ ತರುಣ ತರುಣಿಯರು ಆ ಮನೆಯ ಅಡುಗೆಮನೆಯಲ್ಲಿ ಕುಳಿತು ಉಣ್ಣುತ್ತಿದ್ದರು, ಜಗಳವಾಡುತ್ತಿದ್ದರು, ಊರು ನೆನೆದು ಅಳುತ್ತಿದ್ದರು. ಒಲೆಯ ಪಕ್ಕದ ಹುಡುಗನು ಅವರೆಲ್ಲರನ್ನೂ ನೋಡುತ್ತಿದ್ದನು. ಒಂದು ಗೋಡೆಯ ಆಚೆ ಈಚೆ ಬದುಕುವ ಅಪರಿಚಿತರ ಗುಟ್ಟುಗಳು, ಬಾಡಿಗೆಯ ಕೋಣೆಯ ಏಕಾಂತ, ಕಾಸಿಗೆ ಕಾಸು ಕೂಡಿಸುವ ಗೃಹಿಣಿಯ ಎದೆಯೊಳಗಿನ ಕಹಿ, ಇವು ಮುಂದೆ ಅವನ ನೂರು ಕಾದಂಬರಿಗಳಲ್ಲಿ ಹೆಸರು ಬದಲಿಸಿಕೊಂಡು ಬಂದವು. ತಾಯಿಗೆ ಮಾತ್ರ ಕಿರಿಯ ಮಗ ಕ್ರಿಸ್ತಿಯಾನನ ಮೇಲೆಯೇ ಹೆಚ್ಚು ಪ್ರೀತಿ. ಈ ನೋವು ಹಿರಿಯನನ್ನು ಮುದಿತನದವರೆಗೂ ಬಿಡಲಿಲ್ಲ.

ಹದಿನೈದನೆಯ ವರ್ಷದಲ್ಲಿ ಶಾಲೆ ಬಿಟ್ಟು, ಮಿಠಾಯಿ ಅಂಗಡಿಯಲ್ಲೊಮ್ಮೆ ಪುಸ್ತಕದಂಗಡಿಯಲ್ಲೊಮ್ಮೆ ಕೆಲಸ ಮಾಡಿ, ಎರಡೂ ಕಡೆ ನಿಲ್ಲಲಾರದೆ, 1919ರ ಜನವರಿಯಲ್ಲಿ ಅವನು ‘ಗಜೆಟ್ ದ ಲಿಯೇಜ್’ ಎಂಬ ಪತ್ರಿಕೆಗೆ ಸೇರಿದನು. ಆಗ ಅವನಿಗೆ ಇನ್ನೂ ಹದಿನಾರು ತುಂಬಿರಲಿಲ್ಲ. ಪೊಲೀಸ್ ಠಾಣೆ, ನ್ಯಾಯಾಲಯ, ಆಸ್ಪತ್ರೆ, ಶವಯಾತ್ರೆಗಳ ನಡುವೆ ಓಡಾಡುತ್ತ, ಹೊತ್ತಿಗೆ ಸರಿಯಾಗಿ ಅಚ್ಚಿನ ಮನೆಗೆ ಸಾಲುಗಳನ್ನು ಒದಗಿಸಲೇಬೇಕಾದ ಆ ಕೆಲಸ ಅವನ ಪಾಲಿಗೆ ವಿಶ್ವವಿದ್ಯಾಲಯವೇ ಆಯಿತು. ಆ ಕಾಲದ ಒಂದು ಕಲಂಕವನ್ನು ಮುಚ್ಚಿಡಲಾಗದು. 1921ರಲ್ಲಿ ಅದೇ ಪತ್ರಿಕೆಯಲ್ಲಿ ಯೆಹೂದ್ಯರ ವಿರುದ್ಧ ವಿಷ ಕಾರುವ ಲೇಖನಮಾಲೆಯೊಂದನ್ನು ಅವನು ಬರೆದನು. ಮೇಲಿನವರ ಆಜ್ಞೆಗೆ ಕಟ್ಟುಬಿದ್ದು ಬರೆದುದೆಂದು ಮುಂದೆ ಸಮಾಧಾನ ಹೇಳಿಕೊಂಡನು. ಆ ಸಮಾಧಾನ ನನಗೆ ಸಾಲದು. ಆದರೆ ಹನ್ನೆರಡು ವರ್ಷಗಳ ಮೇಲೆ ಅದೇ ಲೇಖನಿಯಿಂದ ‘ಮೊಸ್ಯೂ ಹಿರ್‌ನ ವಿವಾಹ ನಿಶ್ಚಿತಾರ್ಥ’ ಎಂಬ ಕಾದಂಬರಿಯೂ ಬಂತೆಂಬುದನ್ನು ಜೊತೆಗೇ ಹೇಳಬೇಕು: ಯೆಹೂದಿ ದರ್ಜಿಯೊಬ್ಬನ ಮಗನಾದ ಒಬ್ಬ ಒಂಟಿ ಮನುಷ್ಯ, ಯಾರೊಡನೆಯೂ ಮುಖ ಕೊಟ್ಟು ಮಾತನಾಡದವನೆಂಬ ಒಂದೇ ಕಾರಣಕ್ಕೆ ನೆರೆಹೊರೆಯ ಸಂಶಯಕ್ಕೆ ಗುರಿಯಾಗಿ, ತಾನು ಮಾಡದ ಕೊಲೆಯ ಹೊರೆಯನ್ನು ಹೊತ್ತು, ಕೆಳಗೆ ನೆರೆದ ಗುಂಪು ಕಣ್ಣರಳಿಸಿ ನೋಡುತ್ತಿರುವಂತೆ ಮಾಳಿಗೆಯ ಅಂಚಿಗೆ ಜೋತುಬಿದ್ದು ಸಾಯುವ ಕಥೆ ಅದು. ಗುಂಪಿನ ಕ್ರೌರ್ಯವನ್ನು ಅಷ್ಟು ಹತ್ತಿರದಿಂದ ತೋರಿಸಿದ ಪುಸ್ತಕಗಳು ಹೆಚ್ಚಿಲ್ಲ.

ಲಿಯೇಜಿನ ದಿನಗಳಲ್ಲಿಯೇ ಅವನು ಚಿತ್ರಕಾರರು, ಕವಿಯಶಃಪ್ರಾರ್ಥಿಗಳು ರಾತ್ರಿಯೆಲ್ಲ ಕುಡಿದು ಹರಟುವ ತರುಣರ ಕೂಟವೊಂದರಲ್ಲಿ ಸೇರಿಕೊಂಡಿದ್ದನು. 1922ರಲ್ಲಿ, ಆ ಕೂಟದ ಬಡ ಸದಸ್ಯನೊಬ್ಬನ ಶವ ಒಂದು ಮುಂಜಾನೆ ಸೇಂಟ್ ಫೋಲಿಯೆನ್ ಚರ್ಚಿನ ಬಾಗಿಲಿಗೆ ನೇತಾಡುತ್ತಿದ್ದುದು ಕಂಡುಬಂತು. ಅದು ಆತ್ಮಹತ್ಯೆಯೆಂದು ನಿರ್ಣಯವಾದರೂ, ಗೆಳೆಯರ ಆಟದಲ್ಲಿ, ಅವರ ಮಾತಿನ ಮದದಲ್ಲಿ ಆ ದುರ್ಬಲ ಜೀವಕ್ಕೆ ಏನಾಯಿತೆಂಬ ಪ್ರಶ್ನೆ ಸಿಮೆನಾನನನ್ನು ಕಾಡಿತು. ಒಂಬತ್ತು ವರ್ಷಗಳ ತರುವಾಯ ಪ್ರಕಟವಾದ ಮೆಗ್ರೆ ಕಾದಂಬರಿಯೊಂದಕ್ಕೆ ಆ ಚರ್ಚಿನ ಹೆಸರೇ ಶೀರ್ಷಿಕೆಯಾಯಿತು.

ತಂದೆ ತೀರಿಕೊಂಡ ಮರುವರ್ಷ, 1922ರ ಡಿಸೆಂಬರಿನಲ್ಲಿ, ಅವನು ಪ್ಯಾರಿಸ್ಸಿಗೆ ಬಂದನು. ಮುಂದಿನ ವಸಂತದಲ್ಲಿ ಚಿತ್ರಕಲಾವಿದೆಯಾದ ರೆಜಿನ್ ರೆಂಶೋನಳನ್ನು ಮದುವೆಯಾದನು. ‘ಲ ಮತಾಂ’ ಪತ್ರಿಕೆಯ ಸಾಹಿತ್ಯ ವಿಭಾಗವನ್ನು ಆಗ ನೋಡಿಕೊಳ್ಳುತ್ತಿದ್ದವಳು ಪ್ರಸಿದ್ಧ ಲೇಖಕಿ ಕೊಲೆಟ್. ತರುಣನು ತಂದುಕೊಟ್ಟ ಕಥೆಗಳನ್ನು ಆಕೆ ಮರಳಿಸಿದಳು. ಇವುಗಳಲ್ಲಿ ಸಾಹಿತ್ಯ ಅತಿಯಾಯಿತು, ಅದನ್ನು ತೆಗೆದುಬಿಟ್ಟರೆ ಕಥೆ ಉಳಿದೀತೆಂದು ಬುದ್ಧಿ ಹೇಳಿದಳು. ತನ್ನ ಬದುಕಿನಲ್ಲಿ ಬೇರೆ ಯಾರಿಂದಲೂ ಇಷ್ಟು ಉಪಯುಕ್ತವಾದ ಉಪದೇಶ ತನಗೆ ದೊರೆಯಲಿಲ್ಲವೆಂದು ಸಿಮೆನಾನ್ ಕೊನೆಯವರೆಗೂ ಸ್ಮರಿಸುತ್ತಿದ್ದನು. ಅಲಂಕಾರಕ್ಕೆಂದೇ ಬಂದ ವಿಶೇಷಣ, ತಾನು ಸುಂದರವಾಗಿದ್ದೇನೆಂದು ತೋರಿಸಿಕೊಳ್ಳುವ ವಾಕ್ಯ, ಇಂಥವು ಕಣ್ಣಿಗೆ ಬಿದ್ದರೆ ಹೊಡೆದುಹಾಕುವುದು ಅಂದಿನಿಂದ ಅವನ ನಿಯಮವಾಯಿತು. ಮಳೆಯನ್ನು ಮಳೆಯೆಂದೂ ಮೇಜನ್ನು ಮೇಜೆಂದೂ ಹೇಳುವ ಅವನ ಶೈಲಿ ಓದುವವನಿಗೆ ಸಹಜವೆಂದು ತೋರುತ್ತದೆ. ಆ ಸಹಜತೆಯ ಹಿಂದೆ ಹತ್ತು ವರ್ಷಗಳ ಕೂಲಿ ಬರವಣಿಗೆಯ ತಾಲೀಮು ಇದೆ. ದರ್ಜಿ ಹುಡುಗಿಯರಿಗೆಂದು ಪ್ರಣಯಕಥೆ, ಗುಮಾಸ್ತರಿಗೆಂದು ಸಾಹಸಕಥೆ, ನೋಡದ ದೇಶಗಳನ್ನು ವಿಶ್ವಕೋಶದಿಂದ ಹೆಕ್ಕಿ ಕಟ್ಟಿದ ಕಾಡಿನ ಕಥೆ, ಹೀಗೆ ಬೇಡಿಕೆಗೆ ತಕ್ಕಂತೆ ಬರೆದುಕೊಟ್ಟನು. ದಿನಕ್ಕೆ 80 ಪುಟಗಳಷ್ಟು ಟೈಪು ಮಾಡುತ್ತಿದ್ದೆನೆಂದು ಅವನೇ ಹೇಳಿಕೊಂಡಿದ್ದಾನೆ.

ಈ ವೇಗದ ಖ್ಯಾತಿಯಿಂದ ಒಂದು ವಿಚಿತ್ರ ಕಥೆ ಹುಟ್ಟಿತು. 1927ರಲ್ಲಿ ಪತ್ರಿಕೋದ್ಯಮಿಯೊಬ್ಬನು ಅವನೊಡನೆ ಒಪ್ಪಂದ ಮಾಡಿಕೊಂಡನು: ಪ್ಯಾರಿಸ್ಸಿನ ಬೀದಿಯಲ್ಲಿ ಗಾಜಿನ ಪಂಜರವೊಂದನ್ನು ನಿಲ್ಲಿಸಿ, ಅದರೊಳಗೆ ಹಗಲೂ ರಾತ್ರಿಯೂ ಜನರ ಕಣ್ಣೆದುರಿನಲ್ಲಿ ಕುಳಿತು ಸಿಮೆನಾನ್ ಒಂದು ಕಾದಂಬರಿಯನ್ನು ಬರೆದು ಮುಗಿಸಬೇಕು. ಜಾಹೀರಾತು ಊರು ತುಂಬಿತು, ಯೋಜನೆ ಮುರಿದುಬಿತ್ತು, ಪಂಜರವನ್ನು ಯಾರೂ ನಿಲ್ಲಿಸಲಿಲ್ಲ. ಹೀಗಿದ್ದರೂ, ಆ ಪಂಜರವನ್ನೂ ಅದರೊಳಗೆ ಬೆರಳಾಡಿಸುತ್ತಿದ್ದ ಕಾದಂಬರಿಕಾರನನ್ನೂ ಕಣ್ಣಾರೆ ಕಂಡೆವೆಂದು ಹಲವು ಮಂದಿ ದಶಕಗಳ ತರುವಾಯವೂ ನೆನಪಿನ ಬರಹಗಳಲ್ಲಿ ಬರೆದರು. ಸಾಕ್ಷಿಗಳ ಮಾತನ್ನೇ ನಂಬಿ ಅಪರಾಧವನ್ನು ನಿರ್ಣಯಿಸುವುದು ಎಷ್ಟು ಕಷ್ಟವೆಂಬುದಕ್ಕೆ ಅವನ ಕಾದಂಬರಿಗಳಲ್ಲಿಯೂ ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯಲಿಕ್ಕಿಲ್ಲ.

ನಗರದ ಗದ್ದಲ ಸಾಕಾಗಿ, 1928ರಲ್ಲಿ ಅವನು ‘ಜಿನೆಟ್’ ಎಂಬ ಪುಟ್ಟ ದೋಣಿಯನ್ನು ಕೊಂಡು, ಹೆಂಡತಿ, ಅಡುಗೆಯ ಹೆಂಗಸು ಹಾಗೂ ಓಲಾಫ್ ಎಂಬ ದೈತ್ಯಾಕಾರದ ನಾಯಿಯೊಡನೆ ಫ್ರಾನ್ಸಿನ ನದಿ ಕಾಲುವೆಗಳಲ್ಲಿ ಅಲೆದನು. ದೋಣಿಗಳನ್ನು ಏರಿಸಿ ಇಳಿಸುವ ಕಾಲುವೆಬಾಗಿಲುಗಳು, ಅವುಗಳ ಕಾವಲುಗಾರರು, ಸರಕಿನ ದೋಣಿಯನ್ನೆಳೆಯುವ ಕುದುರೆಗಳು, ದಂಡೆಯ ಹೆಂಡದಂಗಡಿಗಳು, ಈ ಲೋಕವೆಲ್ಲ ಅವನ ಮೊದಲ ಮೆಗ್ರೆ ಕಾದಂಬರಿಗಳಲ್ಲಿ ಹಸಿಹಸಿಯಾಗಿ ಬಂದಿದೆ. ಮರುವರ್ಷ ‘ಆಸ್ಟ್ರಗಾತ್’ ಎಂಬ ದೊಡ್ಡ ದೋಣಿಯಲ್ಲಿ ಉತ್ತರಕ್ಕೆ ಹೊರಟು, ಹಾಲೆಂಡಿನ ಡೆಲ್ಫ್‌ಜೈಲ್ ಬಂದರಿನಲ್ಲಿ ದೋಣಿಯ ದುರಸ್ತಿಗಾಗಿ ತಂಗಿದ್ದಾಗ, ನೀರು ತುಂಬಿದ ಪಾಳು ದೋಣಿಯೊಂದರಲ್ಲಿ ಪೆಟ್ಟಿಗೆಯ ಮೇಲೆ ಟೈಪ್‌ರೈಟರನ್ನಿಟ್ಟುಕೊಂಡು ಮೆಗ್ರೆಯ ಮೊದಲ ಕಾದಂಬರಿಯನ್ನು ಬರೆದುದಾಗಿ ಅವನು ಹೇಳುತ್ತಿದ್ದನು. ಸುಳ್ಳು ಹೆಸರಿನ ಕೆಲವು ಕಾದಂಬರಿಗಳಲ್ಲಿ ಮೆಗ್ರೆಯ ರೂಪ ಅದೇ ಸುಮಾರಿಗೆ ಮೊಳೆಯುತ್ತಿತ್ತೆಂದು ಸಂಶೋಧಕರು ತೋರಿಸಿದ್ದಾರೆ. ಆದರೂ ಡೆಲ್ಫ್‌ಜೈಲಿನವರು ತಮ್ಮ ಹಕ್ಕನ್ನು ಬಿಟ್ಟುಕೊಡದೆ, 1966ರಲ್ಲಿ ಆ ಬಂದರಿನಲ್ಲಿ ಮೆಗ್ರೆಯ ಪ್ರತಿಮೆಯನ್ನು ನಿಲ್ಲಿಸಿದರು.

ಪ್ರಕಾಶಕನಾದ ಫಯಾರನಿಗೆ ಹಸ್ತಪ್ರತಿ ಹಿಡಿಸಲಿಲ್ಲ. ಒಗಟೆಂದರೆ ಇದರಲ್ಲಿ ಒಗಟಿಲ್ಲ, ಪ್ರಣಯವಿಲ್ಲ, ಪೂರ್ತಿ ಒಳ್ಳೆಯವರೂ ಪೂರ್ತಿ ಕೆಟ್ಟವರೂ ಇಲ್ಲ, ಕೊನೆಯಲ್ಲಿ ಸುಖವೂ ಇಲ್ಲವೆಂದು ಅವನ ಆಕ್ಷೇಪಣೆ. ಅವನು ದೋಷವೆಂದು ಎಣಿಸಿದ ಒಂದೊಂದೂ ಹೊಸತನದ ಲಕ್ಷಣವಾಗಿತ್ತೆಂದು ಇಂದು ನಮಗೆ ತಿಳಿಯುತ್ತದೆ. ಕಡೆಗೂ ಒಪ್ಪಿಗೆ ದೊರೆತು, 1931ರ ಫೆಬ್ರವರಿ 20ರ ರಾತ್ರಿ ಪ್ಯಾರಿಸ್ಸಿನ ನೃತ್ಯಶಾಲೆಯೊಂದರಲ್ಲಿ ಪುಸ್ತಕಗಳ ಬಿಡುಗಡೆಯಾಯಿತು. ಬಂದ ಅತಿಥಿಗಳೆಲ್ಲರ ಬೆರಳಚ್ಚನ್ನು ಬಾಗಿಲಲ್ಲಿಯೇ ಪಡೆಯಲಾಯಿತು. ಅಲ್ಲಿಂದ ಸುಮಾರು ಮೂರು ವರ್ಷಗಳಲ್ಲಿ 19 ಮೆಗ್ರೆ ಕಾದಂಬರಿಗಳು ಹೊರಬಂದವು. 1932ರಲ್ಲಿಯೇ ಝಾಂ ರೆನ್ವಾರ್ ಅವುಗಳಲ್ಲೊಂದನ್ನು ಚಲಚ್ಚಿತ್ರವಾಗಿಸಿದನು. ಪ್ಯಾರಿಸ್ಸಿನ ಅಪರಾಧ ಪೊಲೀಸರ ಮುಖ್ಯಸ್ಥನಾಗಿದ್ದ ಗ್ಸಾವಿಯೆ ಗಿಶಾರ್, ಕಾದಂಬರಿಗಳ ಕಾರ್ಯವಿಧಾನದಲ್ಲಿ ತಪ್ಪುಗಳನ್ನು ಕಂಡು, ಲೇಖಕನನ್ನೇ ಕರೆಸಿ, ಸೇನ್ ನದಿಯ ದಂಡೆಯ ಮೇಲಿನ ತಮ್ಮ ಕಚೇರಿಯಲ್ಲಿ ನಿಜವಾದ ವಿಚಾರಣೆ ನಡೆಯುವ ಬಗೆಯನ್ನು ತೋರಿಸಿದನು.

ಮೆಗ್ರೆ ಎಂಥವನು? ಷರ್ಲಾಕ್ ಹೋಮ್ಸನ ಮಿಂಚಿನ ಬುದ್ಧಿಯಾಗಲಿ, ಪೊಯಿರೋನ ಠೀವಿಯಾಗಲಿ ಇವನಲ್ಲಿಲ್ಲ. ಭಾರವಾದ ಮೈ, ಅಗಲವಾದ ಭುಜ, ಬಾಯಲ್ಲಿ ಪೈಪು, ಮನೆಯಲ್ಲಿ ಅಡುಗೆಯಲ್ಲಿ ನಿಪುಣಳಾದ ಹೆಂಡತಿ, ಮಕ್ಕಳಿಲ್ಲದ ಕೊರಗು. ಸಂಬಳದ ಸರಕಾರಿ ನೌಕರ. ಕಚೇರಿಗೆಲ್ಲ ಶಾಖ ಕೊಡುವ ಹೊಸ ವ್ಯವಸ್ಥೆ ಬಂದ ಮೇಲೂ ತನ್ನ ಕೋಣೆಯ ಹಳೆಯ ಕಲ್ಲಿದ್ದಲ ಒಲೆಯನ್ನು ಬಿಡಲೊಲ್ಲದೆ ಕೆದಕುತ್ತ ಕೂರುವವನು. ಕೊಲೆಯಾದ ಮನೆಗೆ ಹೋದರೆ ಅವನು ಭೂತಗನ್ನಡಿ ಹಿಡಿದು ನೆಲ ಸೋಸುವುದಿಲ್ಲ. ಆ ಮನೆಯ ಅಡುಗೆಯ ವಾಸನೆಯನ್ನೂ ಕುರ್ಚಿಗಳ ಸವಕಳಿಯನ್ನೂ ಗಮನಿಸುತ್ತಾನೆ, ಎದುರಿನ ಹೋಟೆಲಿನಲ್ಲಿ ಕುಳಿತು ಬೀದಿಯನ್ನು ನೋಡುತ್ತಾನೆ, ಸತ್ತವನು ಬದುಕಿದ್ದಾಗ ಏನು ತಿನ್ನುತ್ತಿದ್ದನು, ಯಾರಿಗೆ ಅಂಜುತ್ತಿದ್ದನು, ಯಾವ ಗಳಿಗೆಯಲ್ಲಿ ಅವನ ಬಾಳು ದಾರಿ ತಪ್ಪಿತು ಎಂದು ಯೋಚಿಸುತ್ತಾನೆ. ಕೊನೆಗೆ ಆ ಕಚೇರಿಯಲ್ಲಿ, ಎದುರಿನ ಹೋಟೆಲಿನಿಂದ ಬಿಯರೂ ಸ್ಯಾಂಡ್‌ವಿಚ್ಚೂ ತರಿಸಿ, ರಾತ್ರಿ ಬೆಳಗಾಗುವವರೆಗೆ ಮಾತಿಗೆ ಮಾತು ಕೂಡಿಸುತ್ತ ಕುಳಿತರೆ, ಎದುರಿಗಿರುವವನು ಬಾಯಿ ಬಿಡುವುದು ಸೋತೆನೆಂಬ ಭೀತಿಯಿಂದ ಮಾತ್ರವಲ್ಲ, ತನ್ನನ್ನು ಅರ್ಥಮಾಡಿಕೊಳ್ಳಬಲ್ಲ ಒಬ್ಬ ಮನುಷ್ಯ ಕಡೆಗೂ ಸಿಕ್ಕಿದನೆಂಬ ನಿರಾಳದಿಂದಲೂ. ಮೆಗ್ರೆ ಎಳೆಯನಾಗಿದ್ದಾಗ ವೈದ್ಯನಾಗಲು ಬಯಸಿ, ತಂದೆಯ ಸಾವಿನಿಂದ ಓದು ನಿಂತುಹೋದವನೆಂದು ಲೇಖಕನು ಹೇಳುತ್ತಾನೆ. ತಪ್ಪಿದ ಬಾಳುಗಳನ್ನು ರಿಪೇರಿ ಮಾಡುವವನೊಬ್ಬನು ಜಗತ್ತಿನಲ್ಲಿ ಇರಬೇಕಾಗಿತ್ತೆಂಬುದು ಅವನ ಬಾಲ್ಯದ ಕನಸು.

1932ರಲ್ಲಿ ಪ್ರಕಟವಾದ ಸೇಂಟ್ ಫಿಯಾಕ್ರ್ ಪ್ರಕರಣವನ್ನು ಸ್ವಲ್ಪ ಹತ್ತಿರದಿಂದ ನೋಡಬಹುದು. ಸಕಲ ಮೃತರ ಸ್ಮರಣೆಯ ದಿನ, ಬೆಳಗಿನ ಮೊದಲ ಬಲಿಪೂಜೆಯ ಹೊತ್ತಿಗೆ ಸೇಂಟ್ ಫಿಯಾಕ್ರ್ ಹಳ್ಳಿಯ ಚರ್ಚಿನಲ್ಲಿ ಒಂದು ಅಪರಾಧ ನಡೆಯುವುದೆಂದು ಹೆಸರಿಲ್ಲದ ಚೀಟಿಯೊಂದು ಪೊಲೀಸರಿಗೆ ಬರುತ್ತದೆ. ಅದು ಮೆಗ್ರೆ ಹುಟ್ಟಿದ ಹಳ್ಳಿ. ಅವನ ತಂದೆ ಅಲ್ಲಿಯ ಜಮೀನ್ದಾರಿ ಬಂಗಲೆಯಲ್ಲಿ ಪಾರುಪತ್ಯಗಾರನಾಗಿದ್ದವನು. ಅದೇ ಚರ್ಚಿನ ಅದೇ ಚಳಿಯಲ್ಲಿ ಪಾದ್ರಿಗೆ ಪೂಜೆಯ ಪರಿಕರಗಳನ್ನು ನೀಡುತ್ತ ನಿಂತ ಹುಡುಗ ಮೆಗ್ರೆ. ಮುಂಜಾನೆಯ ಕತ್ತಲಲ್ಲಿ ಅವನು ಹಿಂದಿನ ಸಾಲಿನಲ್ಲಿ ಕುಳಿತು ಕಾಯುತ್ತಾನೆ. ಭಕ್ತರು ಬೆರಳೆಣಿಕೆಯಷ್ಟು, ಯಾರೂ ಯಾರ ಬಳಿಗೂ ಹೋಗುವುದಿಲ್ಲ, ಯಾರೂ ಕೂಗುವುದಿಲ್ಲ. ಪೂಜೆ ಮುಗಿದು ಜನ ಎದ್ದಾಗ, ಬಂಗಲೆಯ ಒಡತಿಯಾದ ವೃದ್ಧೆ ಮಾತ್ರ ಏಳುವುದಿಲ್ಲ. ಗಾಯವಿಲ್ಲ, ವಿಷವಿಲ್ಲ, ಹೃದಯ ನಿಂತಿತೆಂದು ವೈದ್ಯನು ಹೇಳುತ್ತಾನೆ. ಆಕೆಯ ಪ್ರಾರ್ಥನಾಪುಸ್ತಕ ಕಾಣೆಯಾಗಿರುತ್ತದೆ. ಪೂಜೆಗೆ ನೆರವಾಗುವ ಬಡ ಹುಡುಗನೊಬ್ಬನು ಆ ಚೆಂದದ ಪುಸ್ತಕಕ್ಕೆ ಆಸೆಪಟ್ಟು ಎತ್ತಿಕೊಂಡಿರುತ್ತಾನೆ. ಅದರ ಹಾಳೆಗಳ ನಡುವೆ ವೃತ್ತಪತ್ರಿಕೆಯ ಒಂದು ತುಣುಕು: ಆಕೆಯ ಒಬ್ಬನೇ ಮಗ ಆತ್ಮಹತ್ಯೆ ಮಾಡಿಕೊಂಡನೆಂಬ ಸುಳ್ಳು ಸುದ್ದಿ. ಕೊಲೆಗಾರನು ಬಳಸಿದ ಆಯುಧ ಅಷ್ಟೇ. ಅದನ್ನು ಕೊಲೆಯೆಂದು ಕರೆಯಲು ಯಾವ ಕಾನೂನಿನಲ್ಲಿಯೂ ಕಲಮಿಲ್ಲ. ಈ ಕಾದಂಬರಿಯಲ್ಲಿ ಮೆಗ್ರೆಯ ಪತ್ತೇದಾರಿಕೆ ಹೆಚ್ಚೇನೂ ಇಲ್ಲ. ಹುಡುಗನಾಗಿದ್ದಾಗ ತಾನು ದೇವತೆಯೆಂದು ಎಣಿಸಿದ್ದ ಒಡತಿಯ ಬಂಗಲೆ ಸಾಲದಲ್ಲಿ ಮುಳುಗಿ, ಕಾರ್ಯದರ್ಶಿಗಳೆಂಬ ಪರಾವಲಂಬಿಗಳ ಪಾಲಾಗಿರುವುದನ್ನು ಕಂಡ ಅವನ ಅಧೀರತೆಯೇ ಇಡೀ ಪುಸ್ತಕವನ್ನು ಆವರಿಸಿದೆ. ಸಿಮೆನಾನನೂ ಬಾಲ್ಯದಲ್ಲಿ ಲಿಯೇಜಿನ ಬವಿಯೆರ್ ಆಸ್ಪತ್ರೆಯ ಪ್ರಾರ್ಥನಾಮಂದಿರದಲ್ಲಿ ಇದೇ ಸೇವೆಗಾಗಿ ಕತ್ತಲೆಯ ಬೀದಿಗಳಲ್ಲಿ ಹೆದರುತ್ತ ಓಡಿದವನು. ಆ ಚಳಿಯ ವರ್ಣನೆ ಅಷ್ಟು ನಿಜವಾಗಿರುವುದು ಅದರಿಂದಲೇ.

ಇನ್ನು ಅವನು ಬರೆಯುತ್ತಿದ್ದ ವಿಧಾನ. ಕಾದಂಬರಿ ಮನಸ್ಸಿನಲ್ಲಿ ಕುದಿಯತೊಡಗಿದಾಗ ಅವನು ಹಳದಿ ಬಣ್ಣದ ದೊಡ್ಡ ಲಕೋಟೆಯೊಂದನ್ನು ತೆಗೆದುಕೊಂಡು, ಟೆಲಿಫೋನ್ ಡೈರೆಕ್ಟರಿಗಳಿಂದ ಹೆಕ್ಕಿದ ಹೆಸರುಗಳಲ್ಲಿ ಒಪ್ಪಿದವನ್ನು ಅದರ ಮೇಲೆ ಬರೆದುಕೊಳ್ಳುವನು; ಬಳಿಕ ಒಬ್ಬೊಬ್ಬರ ವಯಸ್ಸು, ತಂದೆ ತಾಯಿಗಳ ಕಸುಬು, ಓದಿದ ಶಾಲೆ, ವಾಸದ ವಿಳಾಸ, ಕೆಲವೊಮ್ಮೆ ಮನೆಯ ನಕ್ಷೆ ಕೂಡ. ಕಥೆಯ ಹಂದರವನ್ನು ಮಾತ್ರ ಮೊದಲೇ ಹಾಕಿಕೊಳ್ಳುತ್ತಿರಲಿಲ್ಲ. ಈ ಮನುಷ್ಯನನ್ನು ಅವನ ಬಾಳಿನ ಅಂಚಿಗೆ ತಳ್ಳಬಲ್ಲ ಘಟನೆ ಯಾವುದು ಎಂದು ಒಂದೇ ಪ್ರಶ್ನೆ ಕೇಳಿಕೊಂಡು, ಉತ್ತರ ಹೊಳೆದೊಡನೆ ಮೊದಲನೆಯ ಅಧ್ಯಾಯಕ್ಕೆ ಕೂರುವನು. ಕೂರುವ ಮುನ್ನ ವೈದ್ಯರನ್ನು ಕರೆಸಿ ತನಗೂ ಮನೆಮಂದಿಗೂ ಆರೋಗ್ಯಪರೀಕ್ಷೆ ಮಾಡಿಸುವನು. ನಡುವೆ ಯಾರಾದರೂ ಕಾಯಿಲೆ ಬಿದ್ದು ಎರಡು ದಿನ ಬರವಣಿಗೆ ನಿಂತರೆ ಆ ಕಾದಂಬರಿ ಸತ್ತಂತೆಯೇ, ಮತ್ತೆ ಅದನ್ನು ಕೈಯಿಂದ ಮುಟ್ಟುತ್ತಿರಲಿಲ್ಲ. ಮೊನೆ ಮಾಡಿದ ಪೆನ್ಸಿಲುಗಳ ಸಾಲು, ತುಂಬಿಸಿಟ್ಟ ಪೈಪುಗಳು, ಎಳೆದ ಪರದೆ, ಯಾರೂ ಒಳಗೆ ಬರಕೂಡದೆಂದು ಬಾಗಿಲಿಗೆ ತೂಗುಹಾಕಿದ ಹೋಟೆಲಿನ ಫಲಕ. ಬೆಳಗಿನ ಜಾವ ದಿನಕ್ಕೊಂದು ಅಧ್ಯಾಯ. ಏಳೆಂಟು ದಿನ, ಹೆಚ್ಚೆಂದರೆ ಹನ್ನೊಂದು ದಿನ. ಆ ದಿನಗಳಲ್ಲಿ ಅವನು ತನ್ನ ಪಾತ್ರದ ಮೈಯನ್ನೇ ಹೊಕ್ಕು ಬದುಕುತ್ತಿದ್ದನು. ಬೆವರಿ ತೂಕ ಕಳೆದುಕೊಳ್ಳುತ್ತಿದ್ದನು. ಅದಕ್ಕಿಂತ ಹೆಚ್ಚು ದಿನ ಆ ಒತ್ತಡವನ್ನು ದೇಹ ತಾಳಲಾರದೆಂಬ ಕಾರಣಕ್ಕೇ ತನ್ನ ಕಾದಂಬರಿಗಳು ಗಿಡ್ಡವೆಂದು ಹೇಳುತ್ತಿದ್ದನು. ಕೊನೆಗೆ ಎರಡು ಮೂರು ದಿನಗಳ ತಿದ್ದುವಿಕೆ, ಅದೂ ಬಹುಮಟ್ಟಿಗೆ ಹೊಡೆದುಹಾಕುವ ಕೆಲಸ. ಇದನ್ನೆಲ್ಲ ಬಲ್ಲವರು ಅವನ ವೇಗವನ್ನು ಅಸಡ್ಡೆಯೆಂದು ಕರೆಯಲಾರರು.

ಮೆಗ್ರೆ ಕೈಯಿಟ್ಟ ಕಡೆ ಸ್ವಲ್ಪವಾದರೂ ಸಾಂತ್ವನ ಉಂಟು. ಅವನಿಲ್ಲದ ಕಾದಂಬರಿಗಳಲ್ಲಿ ಅದೂ ಇಲ್ಲ. ಇವುಗಳನ್ನು ಲೇಖಕನು ಕಠಿನ ಕಾದಂಬರಿಗಳೆಂದು ಕರೆದನು. ಒಬ್ಬ ಮರ್ಯಾದಸ್ಥ ಗೃಹಸ್ಥ, ಹಾಲೆಂಡಿನ ಖ್ರೋನಿಂಗೆನ್ ಊರಿನ ಗುಮಾಸ್ತ, ಮಾಲೀಕನು ದಿವಾಳಿಯೆದ್ದನೆಂದು ಒಂದು ರಾತ್ರಿ ತಿಳಿದೊಡನೆ ನಲವತ್ತು ವರ್ಷಗಳ ಸಂಭಾವಿತತನವನ್ನು ಕಳಚಿಟ್ಟು ರೈಲು ಹತ್ತಿ ಹೋಗುವ ಕಥೆ 1938ರದು. 1948ರ ‘ಕೊಳೆಯಾದ ಹಿಮ’ ಇವೆಲ್ಲಕ್ಕೂ ಮಿಗಿಲು: ಶತ್ರುಸೈನ್ಯದ ವಶದಲ್ಲಿರುವ ಹೆಸರಿಲ್ಲದ ಊರಿನಲ್ಲಿ, ವೇಶ್ಯಾಗೃಹ ನಡೆಸುವವಳ ಮಗನಾದ ಹತ್ತೊಂಬತ್ತರ ಹುಡುಗ ಕಾರಣವಿಲ್ಲದೆ ಕೊಲ್ಲುತ್ತಾನೆ, ತನ್ನನ್ನು ಪ್ರೀತಿಸಿದ ಹುಡುಗಿಗೆ ಕ್ಷಮೆಗೆ ಮೀರಿದ ದ್ರೋಹ ಮಾಡುತ್ತಾನೆ, ಸೆರೆಮನೆಯಲ್ಲಿ ದಿನದಿನದ ವಿಚಾರಣೆಯ ನಡುವೆ ಮೊದಲ ಬಾರಿಗೆ ಮನುಷ್ಯನಾಗತೊಡಗುತ್ತಾನೆ. ಆಂದ್ರೆ ಜೀದನಂಥ ಕಠೋರ ವಿಮರ್ಶಕನು ಸಿಮೆನಾನನನ್ನು ತನ್ನ ಕಾಲದ ಹಿರಿಯ ಕಾದಂಬರಿಕಾರರ ಸಾಲಿನಲ್ಲಿ ಕೂರಿಸಿ, ಅವನ ಪುಸ್ತಕಗಳಿಗೆ ಟಿಪ್ಪಣಿ ಬರೆಯುತ್ತ, ಅವನೊಡನೆ ವರ್ಷಗಟ್ಟಲೆ ಪತ್ರವ್ಯವಹಾರ ನಡೆಸಿದ್ದು ಇಂಥ ಕೃತಿಗಳ ಬಲದಿಂದ. ಯುದ್ಧಕಾಲದಲ್ಲಿ ವೈದ್ಯನೊಬ್ಬನು ಎಕ್ಸ್-ರೇ ತಪ್ಪಾಗಿ ಓದಿ ಆಯುಷ್ಯ ಎರಡೇ ವರ್ಷವೆಂದಾಗ, ಎಳೆಯ ಮಗನಿಗೆಂದು ಸಿಮೆನಾನ್ ಬರೆಯತೊಡಗಿದ ನೆನಪುಗಳನ್ನು ಕಾದಂಬರಿಯಾಗಿಸೆಂದು ಸೂಚಿಸಿದವನೂ ಜೀದನೇ. ಅದೇ 1948ರಲ್ಲಿ ಬಂದ ‘ಪೆಡಿಗ್ರಿ’. ಜಪಾನಿನ ಅಕಿರಾ ಕುರೊಸಾವಾ ತನ್ನ ‘ಸ್ಟ್ರೇ ಡಾಗ್’ ಚಿತ್ರವನ್ನು ಮೊದಲು ಸಿಮೆನಾನನ ರೀತಿಯ ಕಾದಂಬರಿಯಾಗಿ ಬರೆದು, ಅನಂತರ ಚಿತ್ರಕಥೆಯಾಗಿ ಮಾರ್ಪಡಿಸಿದನೆಂಬುದನ್ನೂ ಇಲ್ಲಿ ನೆನೆಯಬಹುದು.

ಎಲ್ಲ ಕಾದಂಬರಿಗಳೂ ಸಮನಾಗಿವೆಯೆಂದು ಹೇಳಲಾರೆ. ಕೆಲವು ಕಡೆ ಕೊನೆಯ ಅಧ್ಯಾಯ ಅವಸರದಿಂದ ಓಡುತ್ತದೆ. ಹೆಂಗಸರ ಪಾತ್ರಗಳು ಹಲವೆಡೆ ಒಂದೇ ಅಚ್ಚಿನಲ್ಲಿ ಬಂದಿವೆ. ಲೇಖಕನ ಖಾಸಗಿ ಬಾಳಿನಲ್ಲಿ ಹೆಂಗಸರ ವಿಷಯದಲ್ಲಿದ್ದ ಚಾಂಚಲ್ಯದ ನೆರಳು ಅಲ್ಲಿ ಬಿದ್ದಿದೆ. ಯುದ್ಧಕಾಲದಲ್ಲಿ ಬೆಲ್ಜಿಯಂ ನಿರಾಶ್ರಿತರಿಗಾಗಿ ಲಾ ರೊಶೆಲ್ಲಿನಲ್ಲಿ ಶ್ರದ್ಧೆಯಿಂದ ದುಡಿದ ಅದೇ ಮನುಷ್ಯ ಜರ್ಮನರ ಒಡೆತನದ ಚಿತ್ರಸಂಸ್ಥೆಗೆ ಕಾದಂಬರಿಗಳ ಹಕ್ಕನ್ನು ಮಾರಿದನು. ಯುದ್ಧ ಮುಗಿದಾಗ ಸಂಶಯದ ದೃಷ್ಟಿಗಳನ್ನು ಎದುರಿಸಲಾರದೆ 1945ರಲ್ಲಿ ಅಮೆರಿಕಕ್ಕೆ ಹೊರಟುಹೋದನು. ಅಲ್ಲಿ ಹತ್ತು ವರ್ಷ, ಎರಡನೆಯ ಮದುವೆ, ಮರಳಿ ಯೂರೋಪು, 1957ರಿಂದ ಸ್ವಿಟ್ಜರ್ಲೆಂಡ್.

ತಾಯಿಯ ಋಣ ಮಾತ್ರ ತೀರದೆ ಉಳಿದಿತ್ತು. ವಿಧವೆಯಾದ ಆಂರಿಯೆಟ್ ಎರಡನೆಯ ಮದುವೆಯಾಗಿದ್ದಳು. ಆ ದಂಪತಿಗಳಲ್ಲಿ ದ್ವೇಷ ಬೆಳೆದು, ಒಂದೇ ಮನೆಯಲ್ಲಿದ್ದುಕೊಂಡು ಚೀಟಿ ಬರೆದು ವ್ಯವಹರಿಸುವಷ್ಟಕ್ಕೆ ಮುಟ್ಟಿತು. ಅದನ್ನೇ ಬೀಜವಾಗಿಟ್ಟು ಮಗನು 1967ರಲ್ಲಿ ‘ಬೆಕ್ಕು’ ಎಂಬ ಭಯಂಕರವಾದ ಕಾದಂಬರಿಯನ್ನು ಪ್ರಕಟಿಸಿದನು: ಗಂಡನ ಬೆಕ್ಕು ಸಾಯುತ್ತದೆ, ಹೆಂಡತಿಯ ಗಿಳಿ ಸಾಯುತ್ತದೆ, ಆಮೇಲೆ ವೃದ್ಧರಿಬ್ಬರೂ ಚಿಕ್ಕ ಚೀಟಿಗಳನ್ನು ಬೆರಳಿನಿಂದ ಚಿಮ್ಮಿ ಒಬ್ಬರ ಮಡಿಲಿಗೆ ಒಬ್ಬರು ಎಸೆಯುತ್ತ ದಿನ ನೂಕುತ್ತಾರೆ. ಮಗನು ವರ್ಷಗಳ ಕಾಲ ಕಳುಹಿಸಿದ ಹಣವನ್ನು ತಾಯಿ ಮುಟ್ಟದೆ ಕೂಡಿಟ್ಟು, ಮುದಿತನದಲ್ಲಿ ಅವನ ಕೈಗೇ ತಂದೊಪ್ಪಿಸಿದಳು. 1970ರಲ್ಲಿ ಆಕೆ ಮರಣಶಯ್ಯೆಯಲ್ಲಿದ್ದಾಗ, ಬಾಲ್ಯದಲ್ಲಿ ತಾನು ಪೂಜೆಗೆ ನೆರವಾಗುತ್ತಿದ್ದ ಅದೇ ಬವಿಯೆರ್ ಆಸ್ಪತ್ರೆಯಲ್ಲಿ ಮಗನು ದಿನಗಟ್ಟಲೆ ಪಕ್ಕದಲ್ಲಿ ಕುಳಿತನು. ಬಂದದ್ದೇಕೆಂದು ಆಕೆ ಕೇಳಿದಳು. ಅಪರಿಚಿತ ಕೊಲೆಗಾರರನ್ನೆಲ್ಲ ಅರ್ಥಮಾಡಿಕೊಂಡವನು ಹೆತ್ತವಳನ್ನು ಅರಿಯಲು ಮಾಡಿದ ಕೊನೆಯ ಯತ್ನ 1974ರಲ್ಲಿ ಬಂದ ‘ತಾಯಿಗೊಂದು ಪತ್ರ’ವೆಂಬ ಕಿರುಹೊತ್ತಗೆ. ಅವನ ಪುಸ್ತಕಗಳಲ್ಲಿ ನನ್ನ ಮನಸ್ಸನ್ನು ಅದರಷ್ಟು ಕಲಕಿದ್ದು ಇನ್ನೊಂದಿಲ್ಲ.

1972ರ ಸೆಪ್ಟೆಂಬರಿನಲ್ಲಿ ಅವನು ಎಂದಿನಂತೆ ಹೊಸ ಲಕೋಟೆಯ ಮೇಲೆ ಹೆಸರುಗಳನ್ನು ಬರೆದನು, ಕಾದಂಬರಿ ಬರಲಿಲ್ಲ. ಇನ್ನು ಬರೆಯಲಾರೆನೆಂದು ನಿಶ್ಚಯಿಸಿ, ದೊಡ್ಡ ಮನೆಯನ್ನು ಬಿಟ್ಟು, ಪಾಸ್‌ಪೋರ್ಟಿನಲ್ಲಿ ಕಸುಬಿನ ಕಲಮಿನೆದುರು ಕಸುಬಿಲ್ಲವೆಂದು ಬರೆಯಿಸಿದನು. ಆಮೇಲಿನದು ಟೇಪ್‌ರೆಕಾರ್ಡರಿಗೆ ನುಡಿದ ನೆನಪುಗಳು. 1978ರಲ್ಲಿ ಪ್ರೀತಿಯ ಮಗಳು ಮಾರಿ-ಜೋ ತನ್ನ ಇಪ್ಪತ್ತೈದನೆಯ ವಯಸ್ಸಿನಲ್ಲಿ ಆತ್ಮಹತ್ಯೆ ಮಾಡಿಕೊಂಡಳು. ಆಕೆಯ ಇಚ್ಛೆಯಂತೆ ಚಿತಾಭಸ್ಮವನ್ನು ಲೊಸಾನ್ ನಗರದ ಮನೆಯ ಹಿತ್ತಲಿನ ದೇವದಾರುವಿನ ಬುಡದಲ್ಲಿ ತಂದೆಯೇ ಚೆಲ್ಲಿದನು. 1989ರ ಸೆಪ್ಟೆಂಬರ್ 4ರಂದು ಅವನು ತೀರಿಕೊಂಡಾಗ ಅವನ ಭಸ್ಮವೂ ಅಲ್ಲಿಗೇ ಸೇರಿತು. ಹಳದಿ ಲಕೋಟೆಗಳನ್ನೂ ಹಸ್ತಪ್ರತಿಗಳನ್ನೂ ಅವನು ಬದುಕಿದ್ದಾಗಲೇ ಲಿಯೇಜ್ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದ್ದನು. ತಾಯಿಯ ಬಾಡಿಗೆಯ ಕೋಣೆಗಳಲ್ಲಿದ್ದ ವಿದ್ಯಾರ್ಥಿಗಳು ಓದಿದ ವಿಶ್ವವಿದ್ಯಾಲಯವದು.

75 ಮೆಗ್ರೆ ಕಾದಂಬರಿಗಳನ್ನೂ ಪೆಂಗ್ವಿನ್ ಪ್ರಕಾಶನವು 2013ರಿಂದ ಹೊಸದಾಗಿ ಇಂಗ್ಲಿಷಿಗೆ ಅನುವಾದ ಮಾಡಿಸಿ ಪ್ರಕಟಿಸಿದೆ. ಒಂದೊಂದೂ ಒಂದು ಸಂಜೆಯ ಓದು. ಹೊಸಬರು ಸೇಂಟ್ ಫಿಯಾಕ್ರ್ ಪ್ರಕರಣದಿಂದ ಆರಂಭಿಸಿ, ಮೊಸ್ಯೂ ಹಿರ್‌ನ ಕಥೆಗೆ ಹೋಗಿ, ಮನಸ್ಸು ಗಟ್ಟಿಯಾದ ಮೇಲೆ ‘ಕೊಳೆಯಾದ ಹಿಮ’ವನ್ನು ಕೈಗೆತ್ತಿಕೊಳ್ಳಲಿ. ಫ್ರೆಂಚ್ ಬಲ್ಲ ಕನ್ನಡಿಗರು ಈಗ ನಮ್ಮಲ್ಲಿ ಕಡಮೆಯಿಲ್ಲ. ಅವನ ಮಾತು ಸರಳ, ವಾಕ್ಯ ಚಿಕ್ಕದು, ಮರುಕ ಮಾತ್ರ ಆಳವಾದುದು. ಅವರಲ್ಲಿ ಯಾರಾದರೂ ಇವುಗಳಲ್ಲೊಂದನ್ನು ಮೂಲದಿಂದಲೇ ಕನ್ನಡಕ್ಕೆ ತಂದುಕೊಡಬೇಕೆಂದು ನನ್ನ ಬಿನ್ನಹ.